ಕೈಯಲ್ಲಿ ಹಿಡಿದರೆ ಸರಿ, ಟಿವಿಯಲ್ಲಿ ತಾಳ ತಪ್ಪು: ಹೊಸ ರಿದಮ್ ಹೆವನ್ ಬರುವ ಮೊದಲು ಏನು ಸರಿಮಾಡಿಕೊಳ್ಳಬೇಕು?

ಓದುಗರ ಪ್ರಶ್ನೆ: ತಾಳಕ್ಕೆ ಸರಿಯಾಗಿ ಬಟನ್ ಒತ್ತುವ ನಿಂಟೆಂಡೊದ ರಿದಮ್ ಹೆವನ್ ಸರಣಿಯ ಹೊಸ ಆಟ ರಿದಮ್ ಹೆವನ್ ಗ್ರೂವ್‌ಗಾಗಿ ಕಾಯುತ್ತಿದ್ದೇನೆ. ಅಷ್ಟರೊಳಗೆ ಕೈ ಪಳಗಲಿ ಎಂದು ನಿಂಟೆಂಡೊದ ಕನ್ಸೋಲ್ ಸ್ವಿಚ್‌ನಲ್ಲಿ ಬೇರೆ ಲಯದ ಆಟಗಳನ್ನು ಆಡುತ್ತಿದ್ದೇನೆ. ಕನ್ಸೋಲ್ ಕೈಯಲ್ಲಿ ಹಿಡಿದಾಗ ಚೆನ್ನಾಗಿ ಬರುತ್ತದೆ, ಟಿವಿಗೆ ಜೋಡಿಸುವ ಸ್ಟ್ಯಾಂಡ್ ಆದ ಡಾಕ್‌ಗೆ ಹಾಕಿ ಟಿವಿಯಲ್ಲಿ ಆಡಿದರೆ ಪ್ರತಿ ಸಲವೂ ತಡ ಎನ್ನುತ್ತದೆ. ನನ್ನ ಲಯಜ್ಞಾನದಲ್ಲೇ ದೋಷವೇ?

ಉತ್ತರ: ಅಲ್ಲ. ದೋಷ ಟಿವಿಯದು, ಅಥವಾ ಟಿವಿಗೆ ಜೋಡಿಸಿದ ಸ್ಪೀಕರಿನದು. ಲಯ ತಪ್ಪುವವರು ಒಮ್ಮೆ ಬೇಗ ಒತ್ತುತ್ತಾರೆ, ಒಮ್ಮೆ ತಡವಾಗಿ. ಪ್ರತಿ ಸಲವೂ ತಡ, ಅದೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಡ ಎಂದಾದರೆ ಅದು ಯಂತ್ರದ ವಿಳಂಬ. ಇದನ್ನು ಈಗಲೇ ಸರಿಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಈ ಸರಣಿ ವಿಳಂಬವನ್ನು ಬೇರೆ ಆಟಗಳಷ್ಟು ಸಹಿಸುವುದಿಲ್ಲ.

ನಿಂಟೆಂಡೊ 2025ರ ಮಾರ್ಚ್ 27ರಂದು ಗ್ರೂವ್ ಅನ್ನು ಸ್ವಿಚ್‌ಗೆ ಘೋಷಿಸಿ, 2026ರಲ್ಲಿ ಬಿಡುಗಡೆ ಎಂದಿತು. ಜಪಾನಿನ ಸಂಗೀತ ನಿರ್ಮಾಪಕ ತ್ಸುಂಕು ಈ ಬಾರಿಯೂ ಜೊತೆಗಿದ್ದಾರೆ. ಇದಕ್ಕೆ ಹಿಂದಿನ ಕಂತು ಮೆಗಾಮಿಕ್ಸ್ ಜಪಾನಿನಲ್ಲಿ ಬಂದದ್ದು 2015ರಲ್ಲಿ. ಅದು 3ಡಿಎಸ್ ಎಂಬ ಕೈಯಲ್ಲಿ ಹಿಡಿಯುವ ಕನ್ಸೋಲಿನ ಆಟ, ಅದರ ಪರದೆ ಕೈಯಲ್ಲೇ ಇತ್ತು. 2006ರ ಮೊದಲ ಆಟ ಗೇಮ್‌ಬಾಯ್ ಅಡ್ವಾನ್ಸ್‌ನದು, ಎರಡನೆಯದು ಡಿಎಸ್‌ನದು, ಅಲ್ಲೂ ಹಾಗೆಯೇ. ಟಿವಿಗೆಂದೇ ಮಾಡಿದ್ದು 2011ರ ವೀ ಕನ್ಸೋಲಿನ ಆಟ ಒಂದೇ. ಹಾಗಾಗಿ ಹಳೆಯ ಅಭಿಮಾನಿಗಳಲ್ಲೂ ಅನೇಕರಿಗೆ ಟಿವಿ ವಿಳಂಬದ ಪರಿಚಯವಿಲ್ಲ.

ಲೆಕ್ಕ ಹೀಗಿದೆ. ನಿಮಿಷಕ್ಕೆ 120 ಬೀಟ್‌ನ ಹಾಡಿನಲ್ಲಿ ಒಂದು ಬೀಟ್‌ಗೆ 500 ಮಿಲಿಸೆಕೆಂಡ್, ಕಾಲು ಬೀಟ್‌ಗೆ 125. ಟಿವಿ 100 ಮಿಲಿಸೆಕೆಂಡ್ ತಡಮಾಡಿದರೆ ನೀವು ಬೀಟ್‌ನ ಐದನೇ ಒಂದು ಭಾಗ, ಅಂದರೆ ಹತ್ತಿರಹತ್ತಿರ ಕಾಲು ಬೀಟ್ ಹಿಂದೆ ಬಿದ್ದಿರಿ. ನೀವು ಕೇಳಿದ ಪೆಟ್ಟಿಗೆ ಕರಾರುವಾಕ್ಕಾಗಿ ಒತ್ತಿದರೂ, ಕನ್ಸೋಲಿನ ಮಟ್ಟಿಗೆ ಆ ಪೆಟ್ಟು ಆಗಲೇ ಮುಗಿದಿರುತ್ತದೆ. ಸ್ವಲ್ಪ ಮುಂಚೆಯೇ ಒತ್ತುವ ಅಭ್ಯಾಸ ಮಾಡಿಕೊಂಡರಾಯಿತಲ್ಲ ಎನ್ನುವವರಿದ್ದಾರೆ. ಒಂದೇ ವೇಗದ ಹಾಡಿನಲ್ಲಿ ಅದು ನಡೆದೀತು. ವೇಗ 160ಕ್ಕೆ ಏರಿದರೆ ಬೀಟ್ 375 ಮಿಲಿಸೆಕೆಂಡ್‌ಗೆ ಇಳಿಯುತ್ತದೆ, ಅದೇ 100 ಮಿಲಿಸೆಕೆಂಡ್ ಈಗ ಬೀಟ್‌ನ ಐದನೇ ಒಂದಲ್ಲ, ಕಾಲಿಗಿಂತ ಹೆಚ್ಚು. ಈ ಸರಣಿಯ ರೀಮಿಕ್ಸ್ ಹಂತಗಳಲ್ಲಿ ಆಟದ ಬಗೆಯೇ ಹಾಡಿನ ನಡುವೆ ಬದಲಾಗುತ್ತದೆ, ಅಲ್ಲಿ ಇಂಥ ಅಂದಾಜು ನಿಲ್ಲುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಕೈ ತಪ್ಪು ಜಾಗಕ್ಕೆ ಪಳಗಿಬಿಡುತ್ತದೆ.

ಆಟದ ಸೆಟ್ಟಿಂಗ್ಸ್‌ನಲ್ಲಿ ಕ್ಯಾಲಿಬ್ರೇಶನ್ ಇದ್ದರೆ ಸಾಕಲ್ಲವೇ ಎಂಬ ಪ್ರಶ್ನೆಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕ್ಯಾಲಿಬ್ರೇಶನ್ ಎಂದರೆ ತೀರ್ಪಿನ ಗೆರೆಯನ್ನು, ಅಂದರೆ ಒತ್ತಿದ್ದು ಸರಿ ಎಂದು ಆಟ ಎಣಿಸುವ ಕ್ಷಣವನ್ನು, ವಿಳಂಬದಷ್ಟು ಹಿಂದಕ್ಕೆ ಸರಿಸುವುದು. ಆಟಿಕೆ ಗಿಟಾರ್ ಹಿಡಿದು ಹಾಡಿಗೆ ನುಡಿಸುವ ರಾಕ್ ಬ್ಯಾಂಡ್ ತರಹದ ಆಟಗಳಿಗೆ ಇದು ಸೊಗಸಾಗಿ ಒಗ್ಗುತ್ತದೆ. 2008ರ ರಾಕ್ ಬ್ಯಾಂಡ್ 2ರ ಗಿಟಾರ್‌ನಲ್ಲಿ ಬೆಳಕಿನ ಸೆನ್ಸರ್ ಮತ್ತು ಪುಟ್ಟ ಮೈಕ್ ಇಟ್ಟು, ಟಿವಿಯ ವಿಳಂಬವನ್ನು ಗಿಟಾರೇ ಅಳೆಯುವಂತೆ ಮಾಡಿದ್ದರು. ಅಲ್ಲಿ ಗಿಟಾರಿನ ನಾದ ಹಾಡಿನ ಜೊತೆಗೆ ಮೊದಲೇ ಹರಿಯುತ್ತಿರುತ್ತದೆ, ನೀವು ತಪ್ಪಿದರೆ ಆಟ ಅದನ್ನು ಅಡಗಿಸುತ್ತದೆ, ಅಷ್ಟೆ. ರಿದಮ್ ಹೆವನ್‌ನಲ್ಲಿ ಹಾಗಲ್ಲ. ಈ ಸರಣಿಯ ಪಾತ್ರ ಕರಾಟೆ ಮ್ಯಾನ್ ಹಾರಿಬರುವ ಹೂಕುಂಡಕ್ಕೆ ಗುದ್ದಿದಾಗ ಬರುವ ಸದ್ದು ನಿಮ್ಮ ಬಟನ್‌ನಿಂದಲೇ ಹುಟ್ಟುತ್ತದೆ. ಒತ್ತುವ ಮೊದಲು ಆ ಸದ್ದು ಎಲ್ಲೂ ಇಲ್ಲ. ತೀರ್ಪನ್ನು ಎಷ್ಟೇ ಸರಿಸಿದರೂ ಆ ಸದ್ದು ನಿಮ್ಮ ಕಿವಿಗೆ ತಡವಾಗಿಯೇ ಬರುತ್ತದೆ, ಅದನ್ನು ಕೇಳಿದ ಕೈ ಮುಂದಿನ ಪೆಟ್ಟಿಗೆ ಹಿಂಜರಿಯುತ್ತದೆ. ಆದ್ದರಿಂದ ವಿಳಂಬವನ್ನು ಮೂಲದಲ್ಲೇ ಕಡಿಮೆ ಮಾಡಬೇಕು. ಕ್ಯಾಲಿಬ್ರೇಶನ್ ಉಳಿದ ಚೂರುಪಾರಿಗೆ ಮಾತ್ರ.

ಮೊದಲು ಟಿವಿಯ ಪಿಕ್ಚರ್ ಮೋಡ್ ಅನ್ನು ಗೇಮ್‌ಗೆ ಬದಲಿಸಿ. ಇದನ್ನು ಸ್ವಿಚ್ ಜೋಡಿಸಿರುವ ಎಚ್‌ಡಿಎಂಐ ಪೋರ್ಟಿನಲ್ಲೇ ಮಾಡಬೇಕು, ಬಹಳ ಟಿವಿಗಳು ಪ್ರತಿ ಪೋರ್ಟಿಗೂ ಬೇರೆ ಸೆಟ್ಟಿಂಗ್ ಇಟ್ಟುಕೊಳ್ಳುತ್ತವೆ. ಮೋಶನ್ ಸ್ಮೂದಿಂಗ್ ಕಡ್ಡಾಯವಾಗಿ ಆಫ್ ಆಗಿರಲಿ. ಎರಡು ಫ್ರೇಮ್‌ಗಳ ನಡುವೆ ಹೊಸ ಫ್ರೇಮ್ ಹೆಣೆಯಬೇಕಾದರೆ ಟಿವಿ ಮುಂದಿನ ಫ್ರೇಮ್ ಬರುವ ತನಕ ಕಾಯಲೇಬೇಕು. ಸೆಕೆಂಡಿಗೆ 60 ಫ್ರೇಮ್‌ನ ಆಟದಲ್ಲಿ ಆ ಕಾಯುವಿಕೆಗೇ ಸುಮಾರು 17 ಮಿಲಿಸೆಕೆಂಡ್, ಲೆಕ್ಕಾಚಾರದ ಹೊತ್ತು ಬೇರೆ.

ಆಮೇಲೆ ಶಬ್ದ. ಹೆಚ್ಚಿನವರು ಎಡವುವುದು ಇಲ್ಲೇ, ಚಿತ್ರ ಸರಿಹೋಯಿತೆಂದು ಸುಮ್ಮನಾಗುತ್ತಾರೆ. ಈ ಸರಣಿ ಕಣ್ಣಿಗಿಂತ ಕಿವಿಗೆ ಸೂಚನೆ ಕೊಡುವ ಆಟ, ಆದ್ದರಿಂದ ಶಬ್ದದ ವಿಳಂಬವೇ ಹೆಚ್ಚು ಕಾಡುತ್ತದೆ. ಟಿವಿಯ ಸೌಂಡ್ ಮೆನುವಿನಲ್ಲಿ ಡಿಜಿಟಲ್ ಆಡಿಯೋ ಔಟ್‌ಪುಟ್ ಅನ್ನು ಪಿಸಿಎಂಗೆ ಇಡಿ, ಅದು ಸಂಕುಚಿತಗೊಳಿಸದ ಶಬ್ದ, ಇಲ್ಲದಿದ್ದರೆ ಕೆಲವು ಟಿವಿಗಳು ಶಬ್ದವನ್ನು ಮತ್ತೆ ಡಾಲ್ಬಿ ರೂಪಕ್ಕೆ ಬದಲಿಸಿ ಕಳಿಸುತ್ತವೆ, ಅದಕ್ಕೂ ಹೊತ್ತು ಬೇಕು. ಆಡಿಯೋ ಡಿಲೇ ಅಥವಾ ಲಿಪ್ ಸಿಂಕ್ ಎಂಬುದನ್ನು ಸೊನ್ನೆಗೆ ತನ್ನಿ. ವರ್ಚುವಲ್ ಸರೌಂಡ್ ಆಫ್ ಮಾಡಿ. ಸ್ವಿಚ್‌ನಲ್ಲೂ ಟಿವಿ ಸೌಂಡ್ ಸ್ಟೀರಿಯೊ ಇರಲಿ. ಇಷ್ಟಾದರೂ ತಡವಾದರೆ ಸೌಂಡ್‌ಬಾರ್ ತೆಗೆದು ಟಿವಿಯದೇ ಸ್ಪೀಕರಿನಲ್ಲಿ ಕೇಳಿ ನೋಡಿ.

ಬ್ಲೂಟೂತ್ ಇಯರ್‌ಬಡ್ಸ್ ಬೇಡವೇ ಬೇಡ. 2021ರ ಸೆಪ್ಟೆಂಬರಿನ ಅಪ್‌ಡೇಟ್‌ನಿಂದ ಸ್ವಿಚ್‌ಗೆ ಬ್ಲೂಟೂತ್ ಆಡಿಯೋ ಬಂದಿದೆ, ಆದರೆ ಸಾಮಾನ್ಯ ಬ್ಲೂಟೂತ್‌ನಲ್ಲಿ ವಿಳಂಬ ಸುಲಭವಾಗಿ 150 ಮಿಲಿಸೆಕೆಂಡ್ ದಾಟುತ್ತದೆ. ತಂತಿಯ ಹೆಡ್‌ಫೋನ್ ಅನ್ನು ಕನ್ಸೋಲಿನ ಮೇಲಂಚಿನ 3.5 ಮಿ.ಮೀ. ಜಾಕ್‌ಗೆ ಚುಚ್ಚಿ. ಕನ್ಸೋಲ್ ಡಾಕ್‌ನಲ್ಲಿದ್ದಾಗಲೂ ಅದು ಕೆಲಸ ಮಾಡುತ್ತದೆ. ಶಬ್ದ ಟಿವಿಯನ್ನು ಹಾಯದೆ ನೇರ ಕಿವಿಗೆ ಬರುತ್ತದೆ. ತಂತಿ ಉದ್ದವಿರಬೇಕು ಎಂಬುದೊಂದೇ ತೊಡಕು. ಚಿತ್ರ ಸ್ವಲ್ಪ ಹಿಂದೆ ಬಿದ್ದರೂ ಕಿವಿಯನ್ನು ನಂಬಿ ಆಡಬಹುದು.

ಎಷ್ಟು ಸುಧಾರಿಸಿತು ಎಂದು ಅಳೆಯಲು ಫೋನಿನ ವಾಯ್ಸ್ ರೆಕಾರ್ಡರ್ ಸಾಕು. ಮೊದಲು ಸ್ವಿಚ್ ಅನ್ನು ಮೇಜಿನ ಮೇಲೆ ನಿಲ್ಲಿಸಿ, ಅದರ ಪಕ್ಕದ ಕಂಟ್ರೋಲರ್ ಜಾಯ್‌ಕಾನ್ ಬಿಡಿಸಿ ಕೈಯಲ್ಲಿ ಹಿಡಿಯಿರಿ. ಫೋನ್ ಅನ್ನು ಬಟನ್ ಪಕ್ಕ ಇಟ್ಟು, ಮೆನುವಿನಲ್ಲಿ ಸದ್ದು ಬರುವ ಬಟನ್ ಅನ್ನು ಹತ್ತು ಸಲ ಗಟ್ಟಿಯಾಗಿ ಒತ್ತಿ. ಆಮೇಲೆ ಡಾಕ್‌ಗೆ ಹಾಕಿ, ಅದೇ ಜಾಯ್‌ಕಾನ್‌ನಿಂದ ಟಿವಿಯಲ್ಲಿ ಅದನ್ನೇ ಮಾಡಿ. ಎರಡನ್ನೂ ಅಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ತೆರೆದರೆ, ಬಟನ್ನಿನ ಟಕ್ ಒಂದು ಮೊನೆಯಾಗಿ, ಆಟದ ಸದ್ದು ಇನ್ನೊಂದಾಗಿ ಕಾಣುತ್ತದೆ. ನಡುವಿನ ಅಂತರದ ಸರಾಸರಿ ತೆಗೆಯಿರಿ. ಸ್ಪೀಕರ್ ಎರಡು ಮೀಟರ್ ದೂರವಿದ್ದರೆ ಗಾಳಿಯಲ್ಲಿ ಕಳೆಯುವ 6 ಮಿಲಿಸೆಕೆಂಡ್ ಕಳೆಯಿರಿ. ಎರಡು ಸರಾಸರಿಗಳ ವ್ಯತ್ಯಾಸವೇ ಟಿವಿಯ ಶಬ್ದ ವಿಳಂಬ. 20 ಮಿಲಿಸೆಕೆಂಡ್ ಒಳಗಿದ್ದರೆ ನಿಶ್ಚಿಂತೆ. 40 ದಾಟಿದರೆ ಸೆಟ್ಟಿಂಗ್ಸ್ ಮತ್ತೊಮ್ಮೆ ನೋಡಿ. 80ರ ಆಸುಪಾಸಿನಲ್ಲೇ ನಿಂತುಬಿಟ್ಟರೆ ಆ ಟಿವಿಯಲ್ಲಿ ಒಂದೂ ತಪ್ಪಿಲ್ಲದ ಪರ್ಫೆಕ್ಟ್‌ಗೆ ಒದ್ದಾಡಬೇಡಿ, ತಂತಿಯ ಹೆಡ್‌ಫೋನ್ ಹಾಕಿ, ಇಲ್ಲವೇ ಕೈಯಲ್ಲೇ ಹಿಡಿದು ಆಡಿ.

ಅಭ್ಯಾಸದ ವಿಷಯಕ್ಕೆ ಬಂದರೆ, ಈ ಸರಣಿಯಲ್ಲಿ ಜನ ಸೋಲುವುದು ಬೀಟ್‌ನಲ್ಲಲ್ಲ, ಎರಡು ಬೀಟ್‌ಗಳ ನಡುವಿನ ಅರೆಗಾಲದಲ್ಲಿ. ಡಿಎಸ್ ಆಟದ ಲಾಕ್‌ಸ್ಟೆಪ್ ಎಂಬ ಹಂತ ಪೂರ್ತಿ ಇದರ ಮೇಲೇ ನಿಂತಿದೆ. ಕರ್ನಾಟಕ ಸಂಗೀತ ಕಲಿತವರಿಗೆ ಅನಾಗತ ಎಡುಪಿನ, ಅಂದರೆ ತಾಳ ಶುರುವಾದ ಮೇಲೆ ಹಾಡು ಎತ್ತಿಕೊಳ್ಳುವ ಅಭ್ಯಾಸ ಇಲ್ಲಿ ನೇರವಾಗಿ ಕೈಹಿಡಿಯುತ್ತದೆ. ಕಲಿಯದವರು ಮೆಟ್ರೋನೋಮನ್ನು 80ಕ್ಕೆ ಇಟ್ಟು, ಪೆಟ್ಟಿಗೆ ಕಾಲು ತಟ್ಟುತ್ತ ಪೆಟ್ಟುಗಳ ನಡುವೆ ಮಾತ್ರ ಬೆರಳು ಒತ್ತಲಿ. ಸಲೀಸಾದ ಮೇಲೆ ಹತ್ತು ಹತ್ತರಂತೆ ಏರಿಸಿ 140 ಮುಟ್ಟಲಿ.

ಕೊಳ್ಳುವವರಿಗೆ ಒಂದು ಮಾತು: ಯುರೋಪಿನ ಪ್ರತಿಯ ಮೇಲೆ ಹೆಸರು ರಿದಮ್ ಪ್ಯಾರಡೈಸ್ ಗ್ರೂವ್ ಎಂದಿರುತ್ತದೆ. ಆಟ ಅದೇ. ಸ್ವಿಚ್ ಕಾರ್ಟ್ರಿಜ್‌ಗಳಿಗೆ ಪ್ರದೇಶದ ಬೀಗವಿಲ್ಲ, ನಮ್ಮಲ್ಲಿ ಆಮದಾಗಿ ಬರುವ ಯಾವ ಪ್ರತಿಯಾದರೂ ಓಡುತ್ತದೆ.