ಕಂಡವನೇ ಬಲ್ಲವನು: ಒಂದು ಜರ್ಮ್ಯಾನಿಕ್ ಕ್ರಿಯಾಪದದ ವಂಶಾವಳಿ

ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್ ಭಾಷೆಗಳ ಪೂರ್ವಜವಾದ ಮೂಲ ಜರ್ಮ್ಯಾನಿಕ್ ಭಾಷೆಯ ಗ್ರಂಥ ಒಂದೂ ಉಳಿದಿಲ್ಲ. ಆದ್ದರಿಂದ ವಿದ್ವಾಂಸರು ಅದರ ಪದಗಳನ್ನು ಸಂತತಿ ಭಾಷೆಗಳ ಹೋಲಿಕೆಯಿಂದ ಪುನಾರಚಿಸಿ, ಊಹಿತ ರೂಪವೆಂದು ತಿಳಿಸಲು ನಕ್ಷತ್ರ ಚಿಹ್ನೆಯೊಡನೆ ಬರೆಯುತ್ತಾರೆ. ಅಂಥವುಗಳಲ್ಲಿ *ವಿತನಂ, ಅಂದರೆ ‘ತಿಳಿದಿರು’, ಎಂಬ ಕ್ರಿಯಾಪದದ ನಡತೆ ವಿಲಕ್ಷಣವಾದುದು: ಅದರ ಅರ್ಥ ವರ್ತಮಾನದ್ದು, ರೂಪ ಮಾತ್ರ ಭೂತಕಾಲದ್ದು.

ಇದಕ್ಕೆ ಕಾರಣ ಇನ್ನೂ ಹಿಂದಿನ, ಸಂಸ್ಕೃತ, ಲ್ಯಾಟಿನ್, ಜರ್ಮ್ಯಾನಿಕ್ ಭಾಷೆಗಳಿಗೆಲ್ಲ ಪೂರ್ವಜವಾದ ಇಂಡೋ-ಯುರೋಪಿಯನ್ ಮೂಲಭಾಷೆಯಲ್ಲಿದೆ. ಅಲ್ಲಿ ಈ ಧಾತುವಿನ ಅರ್ಥ ‘ನೋಡು’. ಲ್ಯಾಟಿನ್ನಿನ ‘ವಿದೇಓ’ ಇಂದಿಗೂ ಅದನ್ನೇ ಹೇಳುತ್ತದೆ. ಮುಗಿದ ಕ್ರಿಯೆಯಿಂದ ಉಂಟಾದ ಸ್ಥಿತಿಯನ್ನು ಸೂಚಿಸುವ ಪೂರ್ಣರೂಪಕ್ಕೆ ಇದನ್ನು ತಿರುಗಿಸಿದಾಗ ‘ಕಂಡಿದ್ದೇನೆ, ಆದ್ದರಿಂದ ಬಲ್ಲೆ’ ಎಂಬ ಅರ್ಥ ಬಂತು. (ಬೇರೆ ಕುಟುಂಬಕ್ಕೆ ಸೇರಿದ ಕನ್ನಡದಲ್ಲೂ ‘ನಿನ್ನ ಆಟವೆಲ್ಲ ಕಂಡಿದ್ದೇನೆ’ ಎನ್ನುವವರು ಹೇಳುವುದು ತಿಳಿವಳಿಕೆಯನ್ನೇ.) ಸಂಸ್ಕೃತದಲ್ಲಿ ‘ಬಲ್ಲೆನು’ ಎಂಬುದಕ್ಕೆ ‘ವೇದ’, ‘ಬಲ್ಲೆವು’ ಎಂಬುದಕ್ಕೆ ‘ವಿದ್ಮ’, 4ನೇ ಶತಮಾನದಲ್ಲಿ ವುಲ್ಫಿಲ ಬೈಬಲನ್ನು ಅನುವಾದಿಸಿದ ಗಾಥಿಕ್ ಎಂಬ ಹಳೆಯ ಜರ್ಮ್ಯಾನಿಕ್ ಭಾಷೆಯಲ್ಲಿ ‘ವೈತ್’, ‘ವಿತುಮ್’, ಇಂದಿನ ಜರ್ಮನ್ನಿನಲ್ಲಿ ‘ವೈಸ್’, ‘ವಿಸೆನ್’. ಏಕವಚನಕ್ಕೊಂದು ಸ್ವರ, ಬಹುವಚನಕ್ಕೊಂದು ಸ್ವರ ಎಂಬ ಈ ಏರುಪೇರು ಇಷ್ಟು ದೂರದ ಭಾಷೆಗಳಲ್ಲಿ ಒಂದೇ ಬಗೆಯಲ್ಲಿ ಉಳಿದಿರುವುದನ್ನು ಕಾಕತಾಳೀಯವೆನ್ನಲು ನನಗಂತೂ ಸಾಧ್ಯವಿಲ್ಲ. ಸಂಸ್ಕೃತದ ದಕಾರಕ್ಕೆ ಗಾಥಿಕ್ಕಿನಲ್ಲಿ ತಕಾರ ಬಂದಿರುವುದು ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ ಧ್ವನಿನಿಯಮಕ್ಕೆ ಅನುಗುಣವಾಗಿದೆ. ಆ ತಕಾರವು ಜರ್ಮನ್ನಿನಲ್ಲಿ ಮುಂದೆ ಸಕಾರವಾಯಿತು. ಡಚ್ಚಿನ ‘ವೇತೆನ್’, ಸ್ವೀಡಿಷ್‌ನ ‘ವೇತ’ ಅದನ್ನು ಉಳಿಸಿಕೊಂಡಿವೆ.

ಭೂತಕಾಲದ ಉಡುಪಿನ ಈ ಗುಂಪಿಗೆ ಇನ್ನೂ ಕೆಲವು ಕ್ರಿಯಾಪದಗಳು ಸೇರಿವೆ. ‘ಹಿ ಗೋಸ್’ ಎಂದು ಕಲಿಸಿದ ಮೇಷ್ಟ್ರೇ ‘ಹಿ ಕ್ಯಾನ್ಸ್’ ಎಂದರೆ ತಪ್ಪು ಎನ್ನುತ್ತಾರಲ್ಲವೇ? ‘ಕ್ಯಾನ್’, ‘ಮೇ’, ‘ಶಲ್’ ಮೂರೂ ಹಳೆಯ ಭೂತರೂಪಗಳಾದ್ದರಿಂದ ವರ್ತಮಾನದ ಪ್ರತ್ಯಯ ಅವುಗಳಿಗೆ ಹತ್ತಲಿಲ್ಲ. ಜರ್ಮನ್ನಿನಲ್ಲೂ ‘ಅವನು ಬಲ್ಲ’ ಎನ್ನಲು ‘ಎರ್ ವೈಸ್’ ಎಂದಷ್ಟೇ ಹೇಳುತ್ತಾರೆ, ವರ್ತಮಾನದ ಪ್ರತ್ಯಯವಾದ ಕೊನೆಯ ತಕಾರವಿಲ್ಲ.

ಇಂಗ್ಲಿಷಿನಲ್ಲಿ *ವಿತನಂ ಸೊರಗಿತು. 1611ರ ಬೈಬಲ್ ಅನುವಾದದಲ್ಲಿ ‘ಬಲ್ಲೆನು’ ಎಂಬರ್ಥದ ‘ಐ ವಾಟ್’ ಇನ್ನೂ ಕಾಣಿಸುತ್ತದೆ. ಆಮೇಲೆ ‘ತಿಳಿದಿರು’ ಎಂಬರ್ಥದ ‘ನೋ’ ಅದರ ಜಾಗವನ್ನು ಪೂರ್ತಿ ಆಕ್ರಮಿಸಿತು. ಈಗ ಉಳಿದಿರುವುದು ‘ವಿಟ್’, ‘ಅನ್‌ವಿಟಿಂಗ್’, ‘ವಿಟ್ನೆಸ್’ನಂಥ ಪದಗಳು. ಸಾಕ್ಷಿಗೆ ಗಾಥಿಕ್ಕಿನಲ್ಲಿ ‘ವೀತ್ವೋದ್ಸ್’ ಎನ್ನುತ್ತಿದ್ದರು. ಅದು ಇದೇ ಧಾತುವಿನ ಪೂರ್ಣರೂಪದ ಕೃದಂತದಿಂದ ಬಂದದ್ದು, ಸಂಸ್ಕೃತದಿಂದ ನಾವು ಪಡೆದ ‘ವಿದ್ವಾನ್’ ಪದದ ಹತ್ತಿರದ ನಂಟ.