ಪ್ಯಾರಾಸೋಮ್ನಿಯಾ: ನಿದ್ದೆಯ ಪಕ್ಕದಲ್ಲಿ ನಡೆಯುವುದು

ನಿದ್ದೆಯಲ್ಲಿ ಮಾತಾಡುವುದಕ್ಕೆ ಕನ್ನಡದಲ್ಲಿ ಚೆಂದದ ಪದ ಇದೆ: ಕನವರಿಸುವುದು. ಅರೆಬರೆ ಎಚ್ಚರಕ್ಕೆ ನಿದ್ದೆಗಣ್ಣು. ಸಣ್ಣ ಸದ್ದಿಗೂ ಎದ್ದುಬಿಡುವವರದು ಕೋಳಿನಿದ್ದೆ. ಬಸ್ಸಿನ ಕಿಟಕಿಗೆ ತಲೆ ಬಡಿಸಿಕೊಳ್ಳುವವರದು ತೂಕಡಿಕೆ. ಆದರೆ ನಿದ್ದೆಯಲ್ಲೇ ಎದ್ದು, ಚಿಲಕ ತೆಗೆದು, ಹೊರಗೆ ನಡೆದು ಹೋಗುವುದಕ್ಕೆ ಮನೆಮಾತಿನಲ್ಲಿ ಏನಿದೆ? 'ನಿದ್ದೆಯಲ್ಲಿ ಓಡಾಡ್ತಾನೆ' ಅಂತೀವಿ, ಅಷ್ಟೆ. 'ನಿದ್ರಾನಡಿಗೆ' ಪತ್ರಿಕೆಯವರ ಪದ. ಅಡುಗೆಮನೆಗೆ ಅದಿನ್ನೂ ಬಂದಿಲ್ಲ.

ಡಾಕ್ಟರುಗಳು ಇದನ್ನೂ ಇದರ ಅಣ್ಣತಮ್ಮಂದಿರನ್ನೂ ಒಂದೇ ಮೂಟೆಗೆ ತುಂಬಿ ಪ್ಯಾರಾಸೋಮ್ನಿಯಾ ಅನ್ನುತ್ತಾರೆ. 1932ರಲ್ಲಿ ಫ್ರಾನ್ಸಿನ ಆನ್ರಿ ರೋಜೆ ಹುಟ್ಟುಹಾಕಿದ ಪದ ಇದು. 'ಪ್ಯಾರಾ' ಗ್ರೀಕ್, 'ಪಕ್ಕದಲ್ಲಿ' ಎಂದರ್ಥ. 'ಸೋಮ್ನಸ್' ಲ್ಯಾಟಿನ್, ನಿದ್ದೆ. ನಿದ್ದೆಯ ಪಕ್ಕದಲ್ಲೇ ನಡೆದುಹೋಗುವ ಸಂಗತಿಗಳು ಅಂತ ಇಟ್ಟುಕೊಳ್ಳಿ. ನಿದ್ದೆ ಬಾರದಿರುವುದು ಇದರಲ್ಲಿ ಸೇರುವುದಿಲ್ಲ. ಮಗು ನಡುರಾತ್ರಿ ಕಿಟಾರನೆ ಕಿರುಚಿ ಎದ್ದು ಕೂರುವುದು, ನಿದ್ದೆಯಲ್ಲೇ ಡಬ್ಬ ತೆಗೆದು ತಿನ್ನುವುದು, ಎಚ್ಚರವಾದರೂ ಒಂದು ಬೆರಳನ್ನೂ ಅಲ್ಲಾಡಿಸಲಾಗದೆ ಎದೆ ಮೇಲೆ ಯಾರೋ ಕೂತಂತೆ ಅನ್ನಿಸುವುದು, ಇವೆಲ್ಲ ಸೇರುತ್ತವೆ.

ಈ ಸೋಮ್ನಸ್ ನಮಗೆ ತೀರಾ ದೂರದ್ದೇನಲ್ಲ. ಸಂಸ್ಕೃತದ ಸ್ವಪ್ನ, ಲ್ಯಾಟಿನ್ನಿನ ಸೋಮ್ನಸ್, ಗ್ರೀಕಿನ ಹಿಪ್ನೋಸ್ ಮೂರೂ ಒಂದೇ ಬೇರಿನಿಂದ ಚಿಗುರಿದವು. ಸಂಸ್ಕೃತದಲ್ಲಿ ಸ್ವಪ್ನ ಅಂದರೆ ನಿದ್ದೆಯೂ ಹೌದು, ಕನಸೂ ಹೌದು. ಕನ್ನಡಕ್ಕೆ ಬರುವಾಗ ಅದು ನಿದ್ದೆಯನ್ನು ದಾರಿಯಲ್ಲೇ ಬಿಟ್ಟು ಕನಸನ್ನು ಮಾತ್ರ ತಂದಿತು. ಸುಮ್ನೆ ಪದಗಳ ಆಟ ಅಂದುಕೊಳ್ಳಬೇಡಿ. ಪ್ಯಾರಾಸೋಮ್ನಿಯಾದ ಮುಖ್ಯ ಗಡಿಗೆರೆ ಇರುವುದು ಇಲ್ಲೇ. ಕೆಲವು ನಿದ್ದೆಯ ಕಾಯಿಲೆಗಳು, ಕೆಲವು ಕನಸಿನ ಕಾಯಿಲೆಗಳು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಹಾರರ್ ಸಿನಿಮಾದವರಿಗಂತೂ ಯಾವಾಗಲೂ ಒಂದೇ.

ಮೊದಲು ನಿದ್ದೆಯದ್ದು ನೋಡೋಣ.

ಬೇಸಿಗೆ ರಜೆಯಲ್ಲಿ ನಾವು ಮೊಮ್ಮಕ್ಕಳೆಲ್ಲ ಸಾಗರದ ಕಡೆಯ ಅಜ್ಜಿ ಮನೆಯ ಜಗುಲಿಯಲ್ಲಿ ಸಾಲಾಗಿ ಮಲಗುತ್ತಿದ್ದೆವು. ಚಿಕ್ಕಮ್ಮನ ಮಗನಿಗೆ ಆಗ ಒಂಬತ್ತು ವರ್ಷ. ಊಟ ಮುಗಿಸಿ ಮಲಗಿ ಒಂದೂವರೆ ಗಂಟೆ ಕಳೆದಿರಬೇಕು, ಅವನು ಎದ್ದು ಕೂತ. ಚಾದರವನ್ನು ನೀಟಾಗಿ ಮಡಚಿದ. ಹಗಲು ಹೊತ್ತಿನಲ್ಲಿ ಬೈದರೂ ಮಡಚದ ಹುಡುಗ! ನಮ್ಮ ಕಾಲುಗಳನ್ನು ಒಂದೊಂದಾಗಿ ದಾಟಿಕೊಂಡು ಒಳಗೆ ಹೋದ. ಒಬ್ಬರನ್ನೂ ತುಳಿಯಲಿಲ್ಲ. ಕಣ್ಣು ತೆರೆದೇ ಇತ್ತು, ಆದರೆ ನಮ್ಮನ್ನು ದಾಟಿ ಎಲ್ಲೋ ನೋಡುತ್ತಿತ್ತು. ಅಜ್ಜಿ "ಎಲ್ಲಿಗೋ?" ಅಂದಳು. "ಬಸ್ ಬಂತು" ಅಂದ. ಬೆಳಿಗ್ಗೆ ಅಜ್ಜಿಯ ಕನ್ನಡಕ ಎಲ್ಲೂ ಸಿಗಲಿಲ್ಲ. ಮಧ್ಯಾಹ್ನ ಅನ್ನಕ್ಕೆ ಅಕ್ಕಿ ತೆಗೆಯುವಾಗ ಡಬ್ಬದೊಳಗಿಂದ ಬಂತು. ಅವನನ್ನು ಕೇಳಿದರೆ ಏನೇನೂ ನೆನಪಿಲ್ಲ. ಅಳುವುದಕ್ಕೆ ಶುರು ಮಾಡಿದ.

ಈಗ ಲೆಕ್ಕ ಹಾಕಿದರೆ ಎಲ್ಲ ಕೂಡಿಬರುತ್ತದೆ. ರಾತ್ರಿಯ ನಿದ್ದೆ ಒಂದೇ ಸಮ ಇರುವುದಿಲ್ಲ. ಸುಮಾರು 90 ನಿಮಿಷಕ್ಕೊಂದರಂತೆ ಸುತ್ತು ಹೊಡೆಯುತ್ತದೆ. ಮೊದಲ ಸುತ್ತುಗಳಲ್ಲಿ ಗಾಢ ನಿದ್ದೆ ಜಾಸ್ತಿ, ಬೆಳಗಿನ ಕಡೆಗೆ ಕನಸು ಜಾಸ್ತಿ. ನಿದ್ದೆಯ ನಡಿಗೆ ಹುಟ್ಟುವುದು ಆ ಗಾಢ ನಿದ್ದೆಯಲ್ಲಿ, ಅಂದರೆ ರಾತ್ರಿಯ ಮೊದಲ ಭಾಗದಲ್ಲಿ. ಅಲ್ಲಿಂದ ಮೇಲೆ ಬರಬೇಕಾದ ಮಿದುಳು ಅರ್ಧಕ್ಕೇ ಸಿಕ್ಕಿಹಾಕಿಕೊಳ್ಳುತ್ತದೆ. ನಡೆಯುವ, ದಾಟುವ, ಚಿಲಕ ತೆಗೆಯುವ ಭಾಗಗಳು ಎದ್ದಿರುತ್ತವೆ. ಯೋಚಿಸುವ, ನೆನಪಿಡುವ ಭಾಗಗಳು ಇನ್ನೂ ಹೊದ್ದು ಮಲಗಿರುತ್ತವೆ. ಮಕ್ಕಳಲ್ಲಿ ಗಾಢ ನಿದ್ದೆ ಹೆಚ್ಚು, ಹಾಗಾಗಿ ಈ ನಡಿಗೆಯೂ ಹೆಚ್ಚು. ಹದಿಹರೆಯ ಮುಗಿಯುವಷ್ಟರಲ್ಲಿ ಬಹಳಷ್ಟು ಮಕ್ಕಳಲ್ಲಿ ತಾನಾಗಿಯೇ ನಿಂತುಹೋಗುತ್ತದೆ. ವಂಶದಲ್ಲಿ ಇದ್ದರೆ ಬರುವ ಸಾಧ್ಯತೆ ಜಾಸ್ತಿ. ಜ್ವರ, ನಿದ್ದೆಗೆಟ್ಟ ದಿನಗಳು, ಹೊಸ ಜಾಗ ಇವೆಲ್ಲ ಕೆಣಕುತ್ತವೆ. ಕೆಲವು ನಿದ್ದೆ ಮಾತ್ರೆಗಳೂ ಹಾಗೆಯೇ. ಜೋಲ್ಪಿಡೆಮ್‌ನಂಥ ಮಾತ್ರೆ ನುಂಗಿದವರು ನಿದ್ದೆಯಲ್ಲೇ ಕಾರು ಓಡಿಸಿದ, ಒಲೆ ಹಚ್ಚಿದ ಪ್ರಕರಣಗಳು ಸೇರುತ್ತಾ ಹೋಗಿ, 2019ರಲ್ಲಿ ಅಮೆರಿಕದ ಔಷಧ ಇಲಾಖೆ ಆ ಡಬ್ಬಿಗಳ ಮೇಲೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು.

ಕನಸಿನದ್ದು ಬೇರೆಯೇ ಕತೆ.

ಕನಸು ಕಾಣುವ ಹೊತ್ತಿನಲ್ಲಿ ಕಣ್ಣುಗುಡ್ಡೆ ರೆಪ್ಪೆಯೊಳಗೆ ಪಟಪಟ ಓಡುತ್ತದೆ. ರೆಮ್ ನಿದ್ದೆ ಅನ್ನುವುದು ಇದನ್ನೇ. ಆಗ ದೇಹ ಒಂದು ಜಾಣತನ ಮಾಡುತ್ತದೆ. ಕಣ್ಣು ಮತ್ತು ಉಸಿರಾಟದ ಸ್ನಾಯುಗಳನ್ನು ಬಿಟ್ಟು ಉಳಿದವನ್ನೆಲ್ಲ ಹೆಚ್ಚುಕಡಿಮೆ ಕಟ್ಟಿಹಾಕುತ್ತದೆ. ಕನಸಿನಲ್ಲಿ ನೀವು ಹುಲಿಯಿಂದ ತಪ್ಪಿಸಿಕೊಂಡು ಓಡುತ್ತಿದ್ದರೂ ಮಂಚದ ಮೇಲೆ ಕಾಲು ಅಲ್ಲಾಡದಿರುವುದು ಇದರಿಂದಲೇ. ಈ ಕಟ್ಟು ಬಿಚ್ಚಿಹೋದರೆ? ಫ್ರಾನ್ಸಿನ ಲಿಯೋನ್‌ನಲ್ಲಿ ಮಿಷೆಲ್ ಜುವೆ ಎಂಬ ವಿಜ್ಞಾನಿ ಬೆಕ್ಕುಗಳ ಮಿದುಳುಕಾಂಡದ ಒಂದು ಸಣ್ಣ ಜಾಗಕ್ಕೆ ಗಾಯ ಮಾಡಿ ನೋಡಿದ. ಬೆಕ್ಕುಗಳು ಕನಸಿನ ನಿದ್ದೆಗೆ ಇಳಿದ ಕೂಡಲೇ ಎದ್ದು ನಿಂತವು. ಇಲ್ಲದ ಇಲಿಯ ಮೇಲೆ ಹೊಂಚು ಹಾಕಿ ಹಾರಿದವು. ಎದುರಿಗಿದ್ದ ನಿಜವಾದ ವಸ್ತುಗಳ ಕಡೆ ತಿರುಗಿಯೂ ನೋಡಲಿಲ್ಲ. ನಾನು ಓದಿದ ಯಾವ ದೆವ್ವದ ಕತೆಗಿಂತಲೂ ಆ ಬೆಕ್ಕುಗಳು ನನ್ನನ್ನು ಜಾಸ್ತಿ ಕಾಡಿವೆ.

ಮನುಷ್ಯರಲ್ಲೂ ಇದು ಇದೆ ಎಂದು 1986ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಕಾರ್ಲೋಸ್ ಶೆಂಕ್, ಮಾರ್ಕ್ ಮಹೋವಾಲ್ಡ್ ಮತ್ತು ಜೊತೆಗಾರರು ತೋರಿಸಿಕೊಟ್ಟರು. ರೆಮ್ ನಿದ್ದೆಯ ವರ್ತನೆಯ ತೊಂದರೆ, ಚಿಕ್ಕದಾಗಿ ಆರ್‌ಬಿಡಿ. ಹೆಚ್ಚಾಗಿ 50 ದಾಟಿದ ಗಂಡಸರಲ್ಲಿ ಕಾಣುತ್ತದೆ. ನಡೆಯುವುದು ಅಪರೂಪ. ಕಣ್ಣು ಮುಚ್ಚಿಕೊಂಡು, ಮಲಗಿದಲ್ಲೇ ಗುದ್ದುತ್ತಾರೆ, ಒದೆಯುತ್ತಾರೆ, ಬೈಯುತ್ತಾರೆ, ಮಂಚದಿಂದ ಹಾರುತ್ತಾರೆ. ಎಬ್ಬಿಸಿದರೆ ಬೇಗ ಎಚ್ಚರವಾಗುತ್ತದೆ, ಕನಸನ್ನೂ ಹೇಳುತ್ತಾರೆ: ಕಳ್ಳ ನುಗ್ಗಿದ್ದ, ಹೆಂಡತಿಯನ್ನು ಕಾಪಾಡುತ್ತಿದ್ದೆ. ಅಷ್ಟರಲ್ಲಿ ಗುದ್ದು ಬಿದ್ದಿರುವುದು ಅದೇ ಹೆಂಡತಿಗೆ. ಇದನ್ನು ನಕ್ಕು ಬಿಡುವ ಹಾಗಿಲ್ಲ. ಎಷ್ಟೋ ಜನರಲ್ಲಿ ವರ್ಷಗಳ ನಂತರ ಬರುವ ಪಾರ್ಕಿನ್ಸನ್ಸ್‌ನಂಥ ಕಾಯಿಲೆಗೆ ಇದು ಮೊದಲ ಸುಳಿವಾಗಿರುತ್ತದೆ. ಹಾಗಾಗಿ ಮನೆಯ ಹಿರಿಯರು ಇತ್ತೀಚೆಗೆ ನಿದ್ದೆಯಲ್ಲಿ ಕೈಕಾಲು ಬಡಿಯಲು ಶುರು ಮಾಡಿದ್ದರೆ ನರರೋಗ ತಜ್ಞರಿಗೆ ತೋರಿಸಿ. ಮೈಗೆಲ್ಲ ತಂತಿ ಅಂಟಿಸಿ ಒಂದು ರಾತ್ರಿ ಮಲಗಿಸಿ ಪರೀಕ್ಷೆ ಮಾಡುತ್ತಾರೆ. ಮಾತ್ರೆಯೂ ಇದೆ.

ಹಾಗಾದರೆ ನಿದ್ದೆಯಲ್ಲಿ ಕೊಲೆ ಆಗುತ್ತದೆಯೇ? ಎಲ್ಲರೂ ಕೊನೆಗೆ ಕೇಳುವ ಪ್ರಶ್ನೆ ಇದು. ಅಪರೂಪದಲ್ಲಿ ಅಪರೂಪ, ಆದರೆ ನ್ಯಾಯಾಲಯ ಒಪ್ಪಿದ ಪ್ರಕರಣಗಳಿವೆ. 1987ರ ಮೇ ತಿಂಗಳ ಒಂದು ಬೆಳಗಿನ ಜಾವ, ಕೆನಡಾದ ಟೊರಾಂಟೊ ಹತ್ತಿರ 23 ವರ್ಷದ ಯುವಕನೊಬ್ಬ ಮನೆಯಿಂದ ಎದ್ದು ಸುಮಾರು 23 ಕಿಲೋಮೀಟರ್ ಕಾರು ಓಡಿಸಿಕೊಂಡು ಅತ್ತೆ ಮಾವನ ಮನೆಗೆ ಹೋದ. ಅತ್ತೆ ಸತ್ತರು, ಮಾವ ಹೇಗೋ ಉಳಿದರು. ಆಮೇಲೆ ತಾನೇ ಪೊಲೀಸ್ ಠಾಣೆಗೆ ಹೋಗಿ, ಯಾರನ್ನೋ ಕೊಂದಿದ್ದೇನೆ ಅನ್ನಿಸುತ್ತಿದೆ ಎಂದ. ಅವನ ಕೈಯ ಸ್ನಾಯುರಜ್ಜುಗಳೇ ಕತ್ತರಿಸಿಹೋಗಿದ್ದವು, ನೋವಿನ ಪರಿವೆ ಇರಲಿಲ್ಲ. ಅವನಿಗೆ ದಿನಗಟ್ಟಲೆ ನಿದ್ದೆ ಸರಿ ಇರಲಿಲ್ಲ, ಮನೆತನದಲ್ಲಿ ನಿದ್ದೆಯ ನಡಿಗೆಯ ಚರಿತ್ರೆ ಇತ್ತು. ಅತ್ತೆಯ ಮೇಲೆ ದ್ವೇಷ ಇರಲಿಲ್ಲ, ಪ್ರೀತಿಯೇ ಇತ್ತು. ಜ್ಯೂರಿ ಬಿಡುಗಡೆ ಮಾಡಿತು. 1992ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ. ನನಗಂತೂ ಆ ಮಾವನ ನೆನಪೇ ಬರುತ್ತದೆ. ಅವರು ಯಾರ ಮೇಲೆ ಸಿಟ್ಟು ಮಾಡಬೇಕಿತ್ತು?

ಹಾರರ್ ಸಿನಿಮಾ ಕೈ ಹಾಕುವುದು ಸರಿಯಾಗಿ ಇಲ್ಲಿಗೇ. ನಿದ್ದೆಯ ಜೊತೆಗೆ ಅದಕ್ಕೆ ಇನ್ನೊಂದು ಪದವೂ ಬೇಕಾಗುತ್ತದೆ: ಗೀಳು. ಇಂಗ್ಲಿಷಿನಲ್ಲಿ ಇದಕ್ಕೆ ಅಬ್ಸೆಷನ್ ಅನ್ನುತ್ತಾರಲ್ಲ, ಅದರ ಮೂಲ ನೋಡಿ. ಲ್ಯಾಟಿನ್ನಿನಲ್ಲಿ ಎದುರು ಕೂರುವುದು, ಕೋಟೆಗೆ ಮುತ್ತಿಗೆ ಹಾಕುವುದು ಎಂದರ್ಥ. ಹಿಂದೆ ಕ್ರೈಸ್ತ ಪಾದ್ರಿಗಳು ದೆವ್ವ ಮನುಷ್ಯನೊಳಗೆ ಹೊಕ್ಕರೆ ಒಂದು ಪದ, ಹೊರಗೆ ನಿಂತೇ ಕಾಡಿದರೆ ಈ ಪದ ಬಳಸುತ್ತಿದ್ದರು. ನಮ್ಮಲ್ಲಿ 'ಮೈಮೇಲೆ ಬರೋದು' ಬೇರೆ, 'ಬೆನ್ನು ಹತ್ತೋದು' ಬೇರೆ ಅಲ್ವಾ, ಹಾಗೆ. ಅಂದರೆ ಕತೆಯಲ್ಲಿ ಇಬ್ಬರು ಬೇಕು. ಒಬ್ಬರು ನಿದ್ದೆಯ ಪಕ್ಕದಲ್ಲಿ ನಡೆಯುವವರು. ಇನ್ನೊಬ್ಬರು ಅವರ ಎದುರು ಕೂತು ನೋಡುವವರು. ಅಪಾಯ ಹೆಚ್ಚಾಗಿ ಎಚ್ಚರ ಇರುವವರ ಕಡೆಯಿಂದ ಬರುತ್ತದೆ.

ಜರ್ಮನಿಯ ಮೂಕಿ ಚಿತ್ರ 'ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ' ಇದನ್ನು 1920ರಲ್ಲೇ ಕಂಡುಕೊಂಡಿತ್ತು. ನಿರ್ದೇಶಕ ರಾಬರ್ಟ್ ವೀನೆ. ಕ್ಯಾಲಿಗರಿ ಎಂಬ ಮುದುಕ ಜಾತ್ರೆಯಲ್ಲಿ ಡೇರೆ ಹಾಕಿ, ಶವಪೆಟ್ಟಿಗೆಯಂಥ ಡಬ್ಬಿಯಲ್ಲಿ ಮಲಗಿರುವ ಸೆಸಾರೆ ಎಂಬ ನಿದ್ದೆನಡಿಗೆಯವನನ್ನು ದುಡ್ಡಿಗೆ ತೋರಿಸುತ್ತಾನೆ. ಡಬ್ಬಿ ತೆರೆಯುತ್ತದೆ. ಕಪ್ಪು ಬಳಿದ ಕಣ್ಣು ಮೆಲ್ಲಗೆ ಬಿಚ್ಚುತ್ತದೆ. ಆ ಒಂದು ಹೊತ್ತಿಗೆ ನಟ ಕಾನ್ರಾಡ್ ವೈಟ್ ತೆಗೆದುಕೊಳ್ಳುವ ಸಮಯ ನೋಡಬೇಕು ನೀವು. ಜನರ ನಡುವಿನಿಂದ ಒಬ್ಬ ಯುವಕ ತಮಾಷೆಗೆ, ನನಗೆ ಆಯಸ್ಸು ಎಷ್ಟು ಅಂತ ಕೇಳುತ್ತಾನೆ. ಬೆಳಗಿನವರೆಗೆ ಅಂತ ಉತ್ತರ. ರಾತ್ರಿ ಅವನ ಕೊಲೆಯಾಗುತ್ತದೆ. ಕೈ ಸೆಸಾರೆಯದು, ಮನಸ್ಸು ಕ್ಯಾಲಿಗರಿಯದು. ಹುಡುಕುತ್ತಾ ಹೋದರೆ ಈ ಕ್ಯಾಲಿಗರಿ ಒಂದು ಹುಚ್ಚಾಸ್ಪತ್ರೆಯ ಮುಖ್ಯಸ್ಥ. 18ನೇ ಶತಮಾನದ ಯಾವನೋ ಕ್ಯಾಲಿಗರಿಯ ಬಗ್ಗೆ ಓದಿ ಓದಿ, ನಿದ್ದೆಯಲ್ಲಿರುವವನಿಂದ ಕೊಲೆ ಮಾಡಿಸಬಹುದೇ ಅನ್ನುವ ಗೀಳು ಹತ್ತಿಸಿಕೊಂಡವನು. 'ನೀನು ಕ್ಯಾಲಿಗರಿ ಆಗಲೇಬೇಕು' ಎಂಬ ಅಕ್ಷರಗಳು ಗೋಡೆ, ಮರ, ಗಾಳಿಯಲ್ಲೆಲ್ಲ ಮೂಡಿ ಅವನನ್ನು ಅಟ್ಟಿಸಿಕೊಂಡು ಬರುತ್ತವೆ. ಕೊನೆಗೆ, ಇದೆಲ್ಲ ಹೇಳುತ್ತಿರುವವನೇ ಆ ಆಸ್ಪತ್ರೆಯ ರೋಗಿ ಅಂತ ಗೊತ್ತಾಗುತ್ತದೆ. ನೂರು ವರ್ಷ ದಾಟಿದ ಸಿನಿಮಾ, ಕತೆ ಪೂರ್ತಿ ಹೇಳಿಬಿಟ್ಟೆ ಅಂತ ಬೈಬೇಡಿ. ವೈದ್ಯಶಾಸ್ತ್ರದ ಪ್ರಕಾರ ಇದು ಶುದ್ಧ ಸುಳ್ಳು. ನಿದ್ದೆಯಲ್ಲಿ ನಡೆಯುವವರು ಯಾರ ಅಪ್ಪಣೆಗೂ ಕಾದು ಕೂರುವುದಿಲ್ಲ.

2023ರಲ್ಲಿ ಬಂದ ಕೊರಿಯಾದ 'ಸ್ಲೀಪ್' ಇದನ್ನೇ ಜಾತ್ರೆಯಿಂದ ಮಲಗುವ ಕೋಣೆಗೆ ತಂದಿದೆ. ಗಂಡನಿಗೆ ನಿದ್ದೆಯ ತೊಂದರೆ, ಹೆಂಡತಿ ಗರ್ಭಿಣಿ. ಡಾಕ್ಟರ್ ಆರ್‌ಬಿಡಿ ಅನ್ನುತ್ತಾರೆ, ಹೆಂಡತಿಯ ಅಮ್ಮ ಭೂತ ಬಿಡಿಸುವವಳನ್ನು ಕರೆತರುತ್ತಾಳೆ. ಗಂಡ ನಡುರಾತ್ರಿ ಫ್ರಿಜ್ಜಿನ ಮುಂದೆ ನಿಂತು ಹಸಿ ಮಾಂಸ ತಿನ್ನುವ ದೃಶ್ಯವಿದೆ. ನನ್ನ ತಕರಾರು ಇಷ್ಟೆ: ಹಾಗೆ ಎದ್ದು ಹೋಗಿ ತಿನ್ನುವುದು ಗಾಢ ನಿದ್ದೆಯ ಕಾಯಿಲೆ, ಕನಸಿನದ್ದಲ್ಲ. ಮೊದಲು ಹೇಳಿದ ಗಡಿಗೆರೆ ಇಲ್ಲೂ ಅಳಿಸಿಹೋಗಿದೆ. ಆದರೆ ರಾತ್ರಿಯಿಡೀ ಕಣ್ಣು ಮುಚ್ಚದೆ ಗಂಡನನ್ನು ಕಾಯುವ ಹೆಂಡತಿಯ ಮುಖ ಬದಲಾಗುತ್ತಾ ಹೋಗುವುದಿದೆಯಲ್ಲ, ಅದು ಮಾತ್ರ ಒಂದು ಚೂರೂ ಸುಳ್ಳಲ್ಲ.

ಯಾಕೆಂದರೆ ಆ ಬೇಸಿಗೆಯಲ್ಲಿ ಅದನ್ನು ನಾನು ನೋಡಿದ್ದೇನೆ. ಅಂಗಳದಾಚೆ ಬಾವಿ ಇತ್ತು. ಕನ್ನಡಕ ಸಿಕ್ಕ ದಿನದಿಂದ ಅಜ್ಜಿ ಸೆರಗಿನ ತುದಿಯನ್ನು ಅವನ ಮಣಿಕಟ್ಟಿಗೆ ಗಂಟು ಹಾಕಿಕೊಂಡು ಮಲಗತೊಡಗಿದಳು. ಮಲಗಿದ್ದು ಹೆಸರಿಗೆ. ಅವನು ಮಗ್ಗುಲಾದರೆ ಎದ್ದು ಕೂರುವಳು. ಮಂತ್ರಿಸಿದ ದಾರ ಬಂತು, ದೃಷ್ಟಿ ತೆಗೆದದ್ದಾಯಿತು. ಹತ್ತು ದಿನಕ್ಕೆ ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತು. ಹಗಲಲ್ಲೂ ಅವನನ್ನೇ ದಿಟ್ಟಿಸುವಳು, ಬಾವಿ ಕಡೆ ಹೆಜ್ಜೆ ಇಟ್ಟರೆ ಚೀರುವಳು. ಹುಡುಗನಿಗೆ ಅಜ್ಜಿಯನ್ನು ಕಂಡರೇ ಹೆದರಿಕೆ ಶುರುವಾಯಿತು. ನಿದ್ದೆಯಲ್ಲಿ ಎಬ್ಬಿಸಿದರೆ ಪ್ರಾಣ ಹೋಗುತ್ತದೆ ಅಂತ ಪಕ್ಕದ ಮನೆಯವರು ಬೇರೆ ಹೇಳಿದ್ದರು. ಹಾಗೇನೂ ಆಗುವುದಿಲ್ಲ. ಗಾಬರಿಬಿದ್ದು ತಳ್ಳಬಹುದು, ಅಷ್ಟೆ. ಮೆಲ್ಲಗೆ ಭುಜ ಹಿಡಿದು ಹಾಸಿಗೆಗೆ ತಿರುಗಿಸಿದರೆ ಸಾಕು.

ಕೊನೆಗೆ ದಾರಿ ಕಂಡಿದ್ದು ಅಜ್ಜನಿಗೆ. ಆಚಾರಿಯನ್ನು ಕರೆಸಿ, ಬಾಗಿಲಿನ ತುತ್ತತುದಿಗೆ, ಹುಡುಗರ ಕೈಗೆಟುಕದ ಹಾಗೆ ಇನ್ನೊಂದು ಚಿಲಕ ಹೊಡೆಸಿದ. ಆ ರಾತ್ರಿ ಚಿಕ್ಕಮ್ಮನ ಮಗ ಎದ್ದು ಬಾಗಿಲವರೆಗೆ ಹೋಗಿ, ಸ್ವಲ್ಪ ಹೊತ್ತು ನಿಂತು, ವಾಪಸ್ ಬಂದು ಮಲಗಿದ. ನಾನು ನೋಡಿದೆ. ಅಜ್ಜಿ ನೋಡಲಿಲ್ಲ, ಗೊರಕೆ ಹೊಡೆಯುತ್ತಿದ್ದಳು.