ಆಲಿಕಲ್ಲು ಬಿದ್ದ ಕಾರಿಗೆ ವಿಮೆ ಕಡಿಮೆ ಬಂತೇ? ಮೊದಲು ಲೆಕ್ಕದ ಹಾಳೆ ಕೇಳಿ

ಅಶ್ವಿನಿ ಮಳೆ ಮುಗಿದು ಭರಣಿ ಹಿಡಿಯುವ ದಿನಗಳವು. ಕೋಲಾರದ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ಕಾರಿನ ಕಾಗದಪತ್ರಗಳನ್ನೆಲ್ಲ ಬಟ್ಟೆಯ ಚೀಲದಲ್ಲಿ ತುಂಬಿಕೊಂಡು ನನ್ನ ಕಚೇರಿಗೆ ಬಂದರು. ಮನೆಯ ಮುಂದೆ ನಿಂತಿದ್ದ ಅವರ ಬಿಳಿ ಕಾರಿನ ಮೇಲೆ ಹದಿನೈದು ನಿಮಿಷ ನೆಲ್ಲಿಕಾಯಿ ಗಾತ್ರದ ಆಲಿಕಲ್ಲು ಸುರಿದಿತ್ತು. ಹಿಂದಿನ ಗಾಜು ಪುಡಿಯಾಗಿತ್ತು, ಹಿಂದೀಪ ಒಡೆದಿತ್ತು, ಬಾನೆಟ್ ತುಂಬ ಗುಳಿ ಬಿದ್ದಿತ್ತು. ವರ್ಕ್‌ಶಾಪಿನವರು ಕೊಟ್ಟ ಎಸ್ಟಿಮೇಟ್ 54,200 ರೂಪಾಯಿ. ವಿಮಾ ಕಂಪನಿ ಒಪ್ಪಿದ್ದು 27,600. ‘ಅರ್ಧ ಕೊಟ್ಟು ಅರ್ಧ ನುಂಗಿದ್ದಾರೆ ಸರ್, ಯಾರಿಗೆ ದೂರು ಕೊಡಬೇಕು ಹೇಳಿ’ ಎಂದರು.

‘ದೂರು ಆಮೇಲೆ ಬರೆಯೋಣ ಮೇಡಂ, ಲೆಕ್ಕದ ಹಾಳೆ ಎಲ್ಲಿದೆ?’ ಎಂದೆ. ಚೀಲದಲ್ಲಿ ಆರ್‌ಸಿ ಇತ್ತು, ಪಾಲಿಸಿ ಇತ್ತು, ಎಸ್ಟಿಮೇಟ್ ಇತ್ತು, ಒಡೆದ ಗಾಜಿನ ಫೋಟೊಗಳಿದ್ದವು. ಹಾನಿ ಅಳೆಯಲು ಕಂಪನಿ ಕಳಿಸುವ ಸರ್ವೇಯರ್ ಯಾವ ಬಿಡಿಭಾಗಕ್ಕೆ ಎಷ್ಟು ಒಪ್ಪಿದ್ದಾರೆ, ಎಷ್ಟು ಕಡಿದಿದ್ದಾರೆ ಎಂದು ತೋರಿಸುವ ಹಾಳೆ ಮಾತ್ರ ಇರಲಿಲ್ಲ. ಅವರು ಅದನ್ನು ಕೇಳಿಯೇ ಇರಲಿಲ್ಲ. ಕೇಳಬಹುದು ಎಂಬುದೂ ಅವರಿಗೆ ಗೊತ್ತಿರಲಿಲ್ಲ.

ಎರಡು ದಶಕ ವಿಮಾ ಕಂಪನಿಗಳ ಪರವಾಗಿ ವಾಹನಗಳ ಸರ್ವೇ ಮಾಡಿ, ಈಗ ಪಾಲಿಸಿದಾರರಿಗೆ ಸಲಹೆ ಕೊಡುವ ಕೆಲಸದಲ್ಲಿದ್ದೇನೆ. ಮೇಜಿನ ಎರಡೂ ಬದಿಯಲ್ಲಿ ಕೂತು ಕಂಡದ್ದನ್ನು ಹೇಳುತ್ತೇನೆ. ‘ಹಣ ಸಾಲದು, ಅನ್ಯಾಯವಾಗಿದೆ’ ಎಂದು ಬರೆದ ಪತ್ರಕ್ಕೆ ಕಂಪನಿಯಿಂದ ‘ಪಾಲಿಸಿಯ ನಿಯಮದಂತೆ ಪಾವತಿಸಲಾಗಿದೆ’ ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ. ‘ನಿಮ್ಮ ಹಾಳೆಯ ನಾಲ್ಕನೇ ಸಾಲಿನಲ್ಲಿ ಗಾಜಿಗೆ ಸವಕಳಿ ಕಳೆದಿದ್ದೀರಿ, ಪಾಲಿಸಿಯಲ್ಲಿ ಗಾಜಿಗೆ ಸವಕಳಿ ಇಲ್ಲ’ ಎಂದು ಬರೆದರೆ ಆ ಒಂದು ಸಾಲಿನ ಉತ್ತರ ಸಾಕಾಗುವುದಿಲ್ಲ. ಯಾರಾದರೂ ಕಡತ ತೆರೆದು ನೋಡಲೇಬೇಕಾಗುತ್ತದೆ. ಜಗಳ ಒಟ್ಟು ಮೊತ್ತದ ಮೇಲೆ ನಡೆದರೆ ಕಂಪನಿ ಗೆಲ್ಲುತ್ತದೆ, ಸಾಲು ಸಾಲಾಗಿ ನಡೆದರೆ ನಿಮಗೆ ದಾರಿಯಿದೆ.

ಮೊದಲು ಒಂದು ಮಾತು ಖಚಿತವಾಗಲಿ. ಆಲಿಕಲ್ಲಿನ ಹಾನಿಗೆ ಹಣ ಸಿಗುವುದು ಸ್ವಂತ ಹಾನಿಯ ರಕ್ಷಣೆ ಇರುವ ಪಾಲಿಸಿಯಲ್ಲಿ ಮಾತ್ರ. ಪ್ರವಾಹ, ಬಿರುಗಾಳಿ, ಚಂಡಮಾರುತಗಳ ಜೊತೆ ಆಲಿಕಲ್ಲು ಮಳೆಯ ಹೆಸರೂ ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿರುತ್ತದೆ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಈ ಅಂಕಣದಿಂದ ನಿಮಗೆ ಪ್ರಯೋಜನವಿಲ್ಲ.

ಕೇಳಿದ ಮೂರನೇ ದಿನ ಶಿಕ್ಷಕಿಗೆ ಹಾಳೆ ಬಂತು. ಸರ್ವೇ ವರದಿಯ ಪ್ರತಿ ಕೇಳುವುದು ಪಾಲಿಸಿದಾರರ ಹಕ್ಕು, ಕಂಪನಿಯ ಉಪಕಾರವಲ್ಲ. ಇಮೇಲ್‌ನಲ್ಲಿ ಕ್ಲೇಮ್ ಸಂಖ್ಯೆ ಬರೆದು ಎರಡು ಸಾಲಿನಲ್ಲಿ ಕೇಳಿದರೆ ಸಾಕು. ಫೋನಿನಲ್ಲಿ ಕೇಳಬೇಡಿ, ಫೋನಿನ ಮಾತಿಗೆ ಸಾಕ್ಷಿ ಇರುವುದಿಲ್ಲ.

ಹಾಳೆ ಓದಲು ಸವಕಳಿಯ ಲೆಕ್ಕ ಗೊತ್ತಿರಬೇಕು. ಹೊಸ ಬಿಡಿಭಾಗ ಹಾಕಿದಾಗ ಹಳೆಯದರ ವಯಸ್ಸಿಗೆ ತಕ್ಕಂತೆ ಕಂಪನಿ ಒಂದಷ್ಟು ಹಿಡಿದುಕೊಳ್ಳುತ್ತದೆ. ಮಾಮೂಲಿ ಖಾಸಗಿ ಕಾರಿನ ಪಾಲಿಸಿಯಲ್ಲಿ ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳಿಗೆ ಶೇ. 50, ಫೈಬರ್ ಗ್ಲಾಸಿಗೆ ಶೇ. 30. ಗಾಜಿಗೆ ಏನೂ ಇಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸು ನೋಡುತ್ತಾರೆ: ಆರು ತಿಂಗಳವರೆಗೆ ಕಡಿತವಿಲ್ಲ, ಒಂದು ವರ್ಷದವರೆಗೆ ಶೇ. 5, ಎರಡರವರೆಗೆ 10, ಮೂರರವರೆಗೆ 15, ನಾಲ್ಕರವರೆಗೆ 25, ಐದರವರೆಗೆ 35, ಹತ್ತರವರೆಗೆ 40, ಆಮೇಲೆ 50. ಕೂಲಿಗೆ ಸವಕಳಿ ಇಲ್ಲ. ಕೊನೆಯಲ್ಲಿ ಕಡ್ಡಾಯ ಕಡಿತವೆಂದು 1500 ಸಿಸಿವರೆಗಿನ ಕಾರಿಗೆ 1000 ರೂಪಾಯಿ, ಅದಕ್ಕಿಂತ ದೊಡ್ಡ ಎಂಜಿನ್‌ಗೆ 2000 ರೂಪಾಯಿ ಕಳೆಯುತ್ತಾರೆ. ಒಂದೇ ಮಳೆಯಲ್ಲಿ ಎಷ್ಟು ಕಡೆ ಏಟು ಬಿದ್ದಿದ್ದರೂ ಅದು ಒಂದೇ ಘಟನೆ, ಆದ್ದರಿಂದ ಈ ಕಡಿತವೂ ಒಂದೇ ಸಲ. ‘ಬಂಪರ್ ಟು ಬಂಪರ್’ ಎಂದು ಕರೆಯುವ ಶೂನ್ಯ ಸವಕಳಿಯ ಹೆಚ್ಚುವರಿ ರಕ್ಷಣೆ ತೆಗೆದುಕೊಂಡವರಿಗೆ ಬಿಡಿಭಾಗಗಳ ಮೇಲಿನ ಈ ಸವಕಳಿ ತಪ್ಪುತ್ತದೆ, ಕಡ್ಡಾಯ ಕಡಿತ ತಪ್ಪುವುದಿಲ್ಲ.

ಹೆಚ್ಚಿನ ಹಾಳೆಗಳು ಎಡವುವುದು ಬಣ್ಣದ ಸಾಲಿನಲ್ಲಿ. ಬಣ್ಣದ ಬಿಲ್ಲಿನಲ್ಲಿ ಸಾಮಗ್ರಿಯೂ ಇದೆ, ಕೂಲಿಯೂ ಇದೆ. ಸವಕಳಿ ಶೇ. 50 ಎಂಬುದು ಸಾಮಗ್ರಿಗೆ ಮಾತ್ರ. ಎರಡನ್ನೂ ಸೇರಿಸಿ ಒಂದೇ ಮೊತ್ತ ಬರೆದಿದ್ದರೆ ಅದರ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿಯಬೇಕು ಎಂದು ಪಾಲಿಸಿಯೇ ಹೇಳುತ್ತದೆ. ಅಂದರೆ 24,000 ರೂಪಾಯಿಯ ಬಣ್ಣದ ಬಿಲ್ಲಿನಲ್ಲಿ ಸಾಮಗ್ರಿ 6,000, ಅದರ ಅರ್ಧ 3,000 ನಿಮ್ಮ ಪಾಲು, ಉಳಿದ 21,000 ಕಂಪನಿಯದು. ಇಡೀ ಮೊತ್ತಕ್ಕೆ ಅರ್ಧ ಕಡಿದ ಹಾಳೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆಲಿಕಲ್ಲಿನ ಹಾನಿಯಲ್ಲಿ ಬಿಲ್ಲಿನ ಬಹುಪಾಲು ಬಣ್ಣವೇ ಆಗಿರುವುದರಿಂದ ಈ ಒಂದು ತಪ್ಪಿನ ಹೊಡೆತ ದೊಡ್ಡದು.

ಶಿಕ್ಷಕಿಯ ಕಾರಿಗೆ ಮೂರು ವರ್ಷ ಐದು ತಿಂಗಳು. ತೆರಿಗೆ ಸೇರಿಸಿ, ಸುತ್ತು ಅಂಕೆಯಲ್ಲಿ ಹೇಳುವುದಾದರೆ ಎಸ್ಟಿಮೇಟ್ ಹೀಗಿತ್ತು: ಬಾನೆಟ್ 8,000, ಹಿಂದಿನ ಗಾಜು 6,000, ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ 1,200, ಹಿಂದೀಪ 3,000, ಬಿಚ್ಚಿ ಜೋಡಿಸುವ ಮತ್ತು ಡೆಂಟಿಂಗ್ ಕೂಲಿ 12,000, ಬಣ್ಣ 24,000. ಬಾನೆಟ್, ಬೀಡಿಂಗ್, ದೀಪಗಳ ಲೆಕ್ಕ ಸರಿಯಾಗಿತ್ತು. ಗಾಜನ್ನು ಲೋಹದ ಜೊತೆ ಸೇರಿಸಿ ಶೇ. 25 ಕಡಿದಿದ್ದರು, ಅಲ್ಲಿ 1,500 ಹೋಗಿತ್ತು. ಟಾಪು ಬಿಟ್ಟು ಒಪ್ಪಿದ 16,000 ರೂಪಾಯಿಯ ಬಣ್ಣಕ್ಕೆ ನೇರವಾಗಿ ಅರ್ಧ ಕಡಿದಿದ್ದರು, ಕಡಿಯಬೇಕಾದದ್ದು 2,000 ಮಾತ್ರ, ಅಲ್ಲಿ 6,000 ಹೋಗಿತ್ತು. ಇವೆರಡನ್ನೂ ಪಾಲಿಸಿಯ ಪುಟದ ಫೋಟೊ ಸಮೇತ ಒಂದು ಇಮೇಲ್‌ನಲ್ಲಿ ಬರೆದೆವು. ವಾರದೊಳಗೆ ಕಂಪನಿ 7,500 ರೂಪಾಯಿ ಒಪ್ಪಿಕೊಂಡಿತು. ಇದರಲ್ಲಿ ಯಾರ ದುರುದ್ದೇಶವೂ ನನಗೆ ಕಾಣಲಿಲ್ಲ. ಮಳೆಯ ಮರುದಿನ ಒಬ್ಬ ಸರ್ವೇಯರ್ ಮೇಲೆ ಹತ್ತಾರು ಕಾರು ಬೀಳುತ್ತವೆ, ಅವಸರದಲ್ಲಿ ತಪ್ಪು ಕಾಲಂ ತುಂಬುತ್ತಾನೆ. ಆದರೆ ಆ ಅವಸರದ ಬೆಲೆಯನ್ನು ಪಾಲಿಸಿದಾರ ಏಕೆ ತೆರಬೇಕು?

ಉಳಿದದ್ದು ಕಾರಿನ ಟಾಪು. ಎಸ್ಟಿಮೇಟಿನಲ್ಲಿ ಅದರ ಕೂಲಿ 4,000, ಬಣ್ಣ 8,000. ಹಾಳೆಯಲ್ಲಿ ಅದರ ಮುಂದೆ ‘ಹಾನಿ ಕಂಡುಬಂದಿಲ್ಲ’ ಎಂದಿತ್ತು.

ಇದನ್ನು ನಾನು ನಂಬಬಲ್ಲೆ. ವೃತ್ತಿಗೆ ಬಂದ ಹೊಸದರಲ್ಲಿ ನಾನೂ ನಡುಮಧ್ಯಾಹ್ನದ ಬಿಸಿಲಿನಲ್ಲಿ ಬಿಳಿ ಕಾರಿನ ಟಾಪು ನೋಡಿ ಮೂರೇ ಗುಳಿ ಎಂದು ಬರೆದು, ಬಣ್ಣದ ಅಂಗಳದಲ್ಲಿ ಹಿರಿಯ ಟಿಂಕರ್ ಒಬ್ಬರು ತೋರಿಸಿದಾಗ ಮೂವತ್ತು ಕಂಡು ವರದಿ ತಿದ್ದಿದವನು. ಆಲಿಕಲ್ಲಿನ ಗುಳಿ ಅಪಘಾತದ ತಗ್ಗಿನಂತಲ್ಲ. ಆಳವಿಲ್ಲ, ಅಂಚಿಲ್ಲ, ಬಣ್ಣವೂ ಒಡೆದಿರುವುದಿಲ್ಲ. ನೆತ್ತಿಯ ಮೇಲಿನ ಬಿಸಿಲಿಗೆ ನೆರಳು ಬೀಳುವುದಿಲ್ಲ, ನೆರಳಿಲ್ಲದೆ ಗುಳಿ ಕಾಣುವುದಿಲ್ಲ. ಕಾರು ಒದ್ದೆಯಾಗಿದ್ದರೆ, ಧೂಳು ಹಿಡಿದಿದ್ದರೆ ಇನ್ನೂ ಕಷ್ಟ.

ಮರುತಪಾಸಣೆಗೆ ಲಿಖಿತವಾಗಿ ಕೇಳಿಕೊಂಡೆವು. ಸಂಜೆ ಆರೂವರೆಗೆ, ವರ್ಕ್‌ಶಾಪಿನ ಒಳಗೆ, ಕಾರು ತೊಳೆದು ಒಣಗಿಸಿ ನಿಲ್ಲಿಸಿದ್ದರು. ಹುಡುಗನೊಬ್ಬ ಉದ್ದನೆಯ ಟ್ಯೂಬ್‌ಲೈಟನ್ನು ಟಾಪಿನಿಂದ ಒಂದಡಿ ಎತ್ತರದಲ್ಲಿ ಅಡ್ಡಲಾಗಿ ಹಿಡಿದು ಮುಂದಿನ ಗಾಜಿನ ಕಡೆಯಿಂದ ಹಿಂದಕ್ಕೆ ನಿಧಾನವಾಗಿ ಸರಿಸುತ್ತ ಹೋದ. ನಯವಾದ ತಗಡಿನ ಮೇಲೆ ದೀಪದ ಪ್ರತಿಬಿಂಬ ನೇರ ಗೆರೆಯಾಗಿ ಕಾಣುತ್ತದೆ. ಗುಳಿ ಬಂದ ಕಡೆ ಗೆರೆ ಸೊಟ್ಟಗಾಗಿ, ಕಪ್ಪೆ ನುಂಗಿದ ಹಾವಿನಂತೆ ಉಬ್ಬಿ, ಮುಂದೆ ಹೋಗಿ ಮತ್ತೆ ನೆಟ್ಟಗಾಗುತ್ತದೆ. ಅಲ್ಲೆಲ್ಲ ಸರ್ವೇಯರ್ ತಾವೇ ಬಣ್ಣಕ್ಕೆ ಅಂಟದ ಮಾರ್ಕರ್‌ನಿಂದ ಸುತ್ತು ಹಾಕಿದರು. ಎಣಿಸಿದಾಗ 43. ಅವರು ಕನ್ನಡಕ ತೆಗೆದು ಒರೆಸಿಕೊಂಡು, ‘ಅವತ್ತು ಹನ್ನೆರಡು ಗಂಟೆಗೆ ಬಂದಿದ್ದೆ ಮೇಡಂ, ಅಂಗಳದಲ್ಲಿ ನಿಂತಿತ್ತು ಗಾಡಿ’ ಎಂದರು. ಆ ಪ್ರಾಮಾಣಿಕತೆಗೆ ನಾನು ಕೈಮುಗಿದೆ.

ಹಾಗಾಗಿ ರಿಪೇರಿ ಶುರುವಾಗುವ ಮೊದಲೇ ತಕರಾರು ಎತ್ತಬೇಕು. ಟಾಪಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದ ಮೇಲೆ ಗುಳಿ ಎಣಿಸಲು ದೇವರಿಂದಲೂ ಆಗದು. ಮಳೆ ನಿಂತ ತಕ್ಷಣ ಒಂದು ನಾಣ್ಯದ ಪಕ್ಕ ಆಲಿಕಲ್ಲು ಇಟ್ಟು ಫೋಟೊ ತೆಗೆಯಿರಿ. ಅದೇ ಬೀದಿಯ ಬೇರೆ ಕಾರುಗಳದ್ದೂ ಇರಲಿ. ‘ಇವು ಹಳೆಯ ಗುಳಿಗಳು’ ಎಂದು ಕಂಪನಿ ಹೇಳಿದರೆ ಹಿಂದಿನ ಸರ್ವಿಸ್‌ನ ಜಾಬ್ ಕಾರ್ಡ್, ಮರುದಿನದ ಪತ್ರಿಕೆಯ ಸ್ಥಳೀಯ ಪುಟ ಕೆಲಸಕ್ಕೆ ಬರುತ್ತವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಅವುಗಳ ದಾಖಲೆ ಆಲಿಕಲ್ಲನ್ನು ತೋರಿಸದಿದ್ದರೂ ಆ ದಿನ ನಿಮ್ಮ ಊರಿನಲ್ಲಿ ಮಳೆಯಾದದ್ದನ್ನು ತೋರಿಸುತ್ತದೆ. ಒಂದು ವಿನಂತಿ: ಬಂಪರಿನ ಹಳೆಯ ಗೀರನ್ನು ಆಲಿಕಲ್ಲಿನ ಲೆಕ್ಕಕ್ಕೆ ಸೇರಿಸಬೇಡಿ. ಆ ಒಂದು ಸುಳ್ಳು ಉಳಿದ 43 ಸತ್ಯಗಳನ್ನು ಕೆಡಿಸುತ್ತದೆ.

ಟಾಪನ್ನೇ ಕತ್ತರಿಸಿ ಹೊಸದು ಹಾಕಿಸಿಕೊಡಿ ಎಂದು ಹಟ ಹಿಡಿಯುವವರಿದ್ದಾರೆ. ತಗಡು ಹರಿಯದಿದ್ದರೆ ನಾನು ಬೇಡವೆನ್ನುತ್ತೇನೆ. ಕಾರ್ಖಾನೆಯ ಬೆಸುಗೆ ಬಿಚ್ಚಿ, ಮುಂದಿನ ಗಾಜು, ಒಳಗಿನ ಲೈನಿಂಗ್ ಎಲ್ಲ ಕಳಚಿ ಮತ್ತೆ ಕೂಡಿಸಿದ ಕಾರು ಮೊದಲಿನಂತಿರುವುದು ಕಷ್ಟ, ಬೆಸುಗೆಯ ಜಾಗದಲ್ಲಿ ತುಕ್ಕು ಹಿಡಿಯುವ ಭಯವೂ ಇದೆ. ಬಣ್ಣ ಒಡೆಯದ ಗುಳಿಗಳನ್ನು ಒಳಗಿನಿಂದ ಸಲಾಕೆ ಹಾಕಿ ಒತ್ತಿ, ಹೊರಗಿನಿಂದ ಗೋಂದಿನ ಗುಬ್ಬಿ ಅಂಟಿಸಿ ಎಳೆದು ಎತ್ತುವ ಕೆಲಸವಿದೆ, ಪಿಡಿಆರ್ ಎನ್ನುತ್ತಾರೆ. ಪುಟ್ಟಿ ಬೇಡ, ಬಣ್ಣ ಬೇಡ, ಕಾರ್ಖಾನೆಯ ಬಣ್ಣ ಉಳಿಯುತ್ತದೆ. ಅದು ಪೂರ್ತಿ ಕೂಲಿಯಾದ್ದರಿಂದ ಸವಕಳಿಯೂ ಇಲ್ಲ. ಶೂನ್ಯ ಸವಕಳಿಯ ರಕ್ಷಣೆ ಇಲ್ಲದವರಿಗೆ ಇದು ಲಾಭ. ಆದರೆ ಸರ್ವೇಯರ್ ಪಿಡಿಆರ್ ದರ ಒಪ್ಪಿ, ನಿಮ್ಮ ವರ್ಕ್‌ಶಾಪಿನಲ್ಲಿ ಆ ಕೆಲಸ ಮಾಡುವವರೇ ಇಲ್ಲದಿದ್ದರೆ, ‘ಈ ದರಕ್ಕೆ ಯಾರು ಮಾಡಿಕೊಡುತ್ತಾರೆ, ಹೆಸರು ಬರೆದುಕೊಡಿ’ ಎಂದು ಕೇಳಿ. ಹೆಸರು ಸಿಕ್ಕರೆ ಮಾಡಿಸಿ. ಸಿಗದಿದ್ದರೆ ಆ ದರ ಕಾಗದದ ಮೇಲಿನ ದರ. ಶಿಕ್ಷಕಿಯ ಊರಿನ ಹತ್ತಿರ ಯಾರೂ ಇರಲಿಲ್ಲ, ಆದ್ದರಿಂದ ಡೆಂಟಿಂಗ್, ಬಣ್ಣದ ದರವೇ ನಿಂತಿತು.

ಕಂಪನಿ ಒಪ್ಪದಿದ್ದರೆ? ‘ಸರ್ವೇಯರ್ ವರದಿಯೇ ಅಂತಿಮ’ ಎಂಬ ಮಾತಿಗೆ ಹೆದರಬೇಡಿ. ಸರ್ವೇಯರ್ ವರದಿ ಕೊನೆಯ ಮಾತಲ್ಲ, ಅದರಿಂದ ಆಚೆ ಹೋಗಬಾರದೆಂಬಷ್ಟು ಪವಿತ್ರವೂ ಅಲ್ಲ ಎಂಬ ಅರ್ಥದ ತೀರ್ಪನ್ನು ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲೇ ಕೊಟ್ಟಿದೆ. ಆದರೆ ವರದಿಯನ್ನು ಬದಿಗಿಡಲು ಗಟ್ಟಿ ಕಾರಣ ಬೇಕು, ಅದನ್ನು ಒದಗಿಸುವವರು ನೀವೇ. 2024ರ ಜೂನ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಹೊರಡಿಸಿದ ಮಾಸ್ಟರ್ ಸುತ್ತೋಲೆಯ ಪ್ರಕಾರ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, 15 ದಿನದಲ್ಲಿ ವರದಿ ಬರಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನಿಸಬೇಕು. ತಡವಾದರೆ ಈ ದಿನಗಳನ್ನೂ ನಿಮ್ಮ ಪತ್ರದಲ್ಲಿ ಎಣಿಸಿ ತೋರಿಸಿ.

ಮೊದಲ ಮೆಟ್ಟಿಲು ಕಂಪನಿಯ ಕುಂದುಕೊರತೆ ಅಧಿಕಾರಿ. ಜೊತೆಗೇ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ನೋಂದಾಯಿಸಿ, 155255ಕ್ಕೆ ಕರೆ ಮಾಡಿದರೂ ಆದೀತು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ಇಂಥ ದೂರುಗಳನ್ನು ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಅವರ ತೀರ್ಪಿಗೆ ಕಂಪನಿ ಬದ್ಧ. ನಿಮಗೆ ಒಪ್ಪಿಗೆಯಾಗದಿದ್ದರೆ ಗ್ರಾಹಕರ ಆಯೋಗದ ಬಾಗಿಲು ತೆರೆದೇ ಇರುತ್ತದೆ, ಅಲ್ಲಿಗೆ ಎರಡು ವರ್ಷದ ಗಡುವು. ಕ್ರಮ ತಪ್ಪಬೇಡಿ: ಆಯೋಗದಲ್ಲಿ ಪ್ರಕರಣ ಹೂಡಿದ ಮೇಲೆ ಅದೇ ವಿಷಯವನ್ನು ಒಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲ.

ಈ ಓಡಾಟದ ನಡುವೆ ವರ್ಕ್‌ಶಾಪಿನವರು ಕಾರು ಬಿಡಿಸಿಕೊಳ್ಳಿ ಎಂದು ಅವಸರಿಸುತ್ತಾರೆ. ವ್ಯತ್ಯಾಸದ ಹಣ ಕಟ್ಟಿ ಕಾರು ತಂದರೆ ತಪ್ಪಿಲ್ಲ, ಆದರೆ ‘ಕ್ಲೇಮ್ ಮೊತ್ತದ ಬಗ್ಗೆ ನನ್ನ ತಕರಾರು ಉಳಿಸಿಕೊಂಡು ಪಾವತಿಸಿದ್ದೇನೆ’ ಎಂದು ಅದೇ ದಿನ ಕಂಪನಿಗೆ ಇಮೇಲ್ ಹಾಕಿ. ‘ಪೂರ್ಣ ಮತ್ತು ಅಂತಿಮ’ ಎಂದು ಅಚ್ಚಾದ ರಸೀದಿಗೆ ಕಣ್ಣುಮುಚ್ಚಿ ಸಹಿ ಹಾಕಬೇಡಿ. ಒತ್ತಡದಿಂದಲೋ ತಪ್ಪು ಮಾಹಿತಿಯಿಂದಲೋ ಪಡೆದ ಸಹಿ ಗ್ರಾಹಕನ ಹಕ್ಕನ್ನು ಕಸಿಯದು ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿದ್ದು ನಿಜ, ಆದರೆ ಒತ್ತಡವಿತ್ತೆಂದು ಸಾಬೀತು ಮಾಡುವ ಹೊರೆ ನಿಮ್ಮ ತಲೆಗೆ ಬರುತ್ತದೆ.

ಶಿಕ್ಷಕಿ ಟಾಪಿನ ಲೆಕ್ಕ ಮುಗಿಯುವವರೆಗೆ ಸಹಿ ಹಾಕಲಿಲ್ಲ. ಮರುತಪಾಸಣೆಯ ಹತ್ತನೇ ದಿನ ತಿದ್ದಿದ ಹಾಳೆ ಬಂತು: ಕೂಲಿ 4,000 ಪೂರ್ತಿ, ಬಣ್ಣದಲ್ಲಿ 7,000, ಒಟ್ಟು ಕ್ಲೇಮ್ 46,100. ಅವರ ಪಾಲಿಗೆ ಉಳಿದದ್ದು 8,100. ಅದನ್ನು ಅವರು ನನ್ನ ಮುಂದೆಯೇ ನೋಟ್‌ಪುಸ್ತಕದಲ್ಲಿ ಬಿಡಿಸಿ ಬರೆದರು. ಬಾನೆಟ್ಟಿನ ಸವಕಳಿ 2,000, ಬೀಡಿಂಗ್ 600, ದೀಪ 1,500, ಬಣ್ಣದ ಸಾಮಗ್ರಿ 3,000, ಕಡ್ಡಾಯ ಕಡಿತ 1,000. ಕೂಡಿಸಿ, ಕೆಳಗೆ ಎರಡು ಗೆರೆ ಎಳೆದು, ‘ಈಗ ಸರಿ’ ಎಂದು ಪೆನ್ನಿನ ಮುಚ್ಚಳ ಹಾಕಿದರು.